ಅಣಬೆ ದುಂಬಿಯ ಹೊಟ್ಟೆ

ಅಣ್ಣಾ,

ಮೇಜಿನ ಮೇಲೆ ಮುಚ್ಚಿಟ್ಟ ಬಟ್ಟಲನ್ನು ತೊಳೆಯಲು ಹಾಕಬೇಡ. ಅದರಲ್ಲಿ ನಿನ್ನ ಅಣಬೆ ದುಂಬಿ ಅಂಗಾತ ಮಲಗಿದೆ. ಸಾಸಿವೆ ಕಾಳಿಗಿಂತ ಚಿಕ್ಕ ಜೀವವನ್ನು ಬೋರಲು ಹಾಕಿ ರಟ್ಟಿಗೆ ಅಂಟಿಸಿದ್ದೀಯಲ್ಲ, ಇದರ ಗುರುತು ಇರುವುದೇ ಹೊಟ್ಟೆಯಲ್ಲಿ ಎಂದು ಅಪ್ಪ ಎಷ್ಟು ಸಲ ಹೇಳಿಕೊಟ್ಟಿದ್ದರು?

ನೀನು ಬೆನ್ನಿನ ಮೂರು ಫೋಟೋ ತೆಗೆದು, ನಿನಗೆ ತೋಚಿದ ಹೆಸರು ಬರೆದು ಮ್ಯೂಸಿಯಮ್ಮಿಗೆ ಕಳಿಸಿಬಿಟ್ಟೆ. ನಿನ್ನೆ ಊಟಕ್ಕೆ ಕೂತಾಗ ಅಪ್ಪ ಬೇರೆ ಹೆಸರು ಹೇಳಿದರೆ, "ನಿಮಗೆ ಕಣ್ಣೇ ಕಾಣಲ್ಲ, ಸುಮ್ನಿರಿ" ಅಂದೆ. ಅವರು ಅರ್ಧಕ್ಕೇ ತಟ್ಟೆ ಬಿಟ್ಟು ಎದ್ದರು. ಕಣ್ಣು ಚೆನ್ನಾಗಿರುವ ನಿನಗೆ ಅದು ಕಾಣಲಿಲ್ಲ.

ಬೆಳಿಗ್ಗೆ ಬಿಸಿನೀರಲ್ಲಿ ಅಂಟು ಬಿಡಿಸಿ ಮಗುಚಿ ನೋಡಿದೆ. ಹೊಟ್ಟೆಯ ಮೊದಲ ಪಟ್ಟಿಯ ನಡುವೆ ರೋಮ ತುಂಬಿದ ಗುಳಿ ಇದೆ; ನೀನು ಬರೆದ ಹೆಸರಿನ ದುಂಬಿಗೆ ಅದು ಇರುವುದಿಲ್ಲ. ಅಪ್ಪ ಹೇಳಿದ್ದೇ ಸರಿ. ಅವರು ದುಂಬಿಯನ್ನು ನೋಡಿಯೇ ಇರಲಿಲ್ಲ. ಅದು ತಿನ್ನುತ್ತಿದ್ದ ಅಣಬೆಯನ್ನು ಕೈಯಲ್ಲಿ ಸವರಿ, ಮೂಸಿ ಹೇಳಿದ್ದರು.

ಮ್ಯೂಸಿಯಮ್ಮಿಗೆ ತಪ್ಪಾಯಿತೆಂದು ನೀನೇ ಬರಿ. ನಾನು ಬರೆದರೆ ನಿನ್ನ ಮರ್ಯಾದೆ ಉಳಿಯುವುದಿಲ್ಲ. ಅಪ್ಪನ ಮಾತ್ರೆ ಎರಡು ಗಂಟೆಗೆ, ಮರೆಯಬೇಡ.

ಅವರು ತಮ್ಮ ಭೂತಗನ್ನಡಿಯನ್ನು ಕರವಸ್ತ್ರದಲ್ಲಿ ಸುತ್ತಿ ನಿನ್ನ ದಿಂಬಿನ ಮೇಲಿಟ್ಟಿದ್ದಾರೆ. "ಇನ್ನು ನನಗ್ಯಾಕೆ, ಅವನೇ ಇಟ್ಕೊಳ್ಳಲಿ" ಅಂದರು. ಅದನ್ನು ತಗೊಂಡು ಹೋಗಿ ಅವರ ಕೈಗೆ ಕೊಡು. ಅವರು ಹೇಳಿದ್ದು ಸರಿಯೆಂದು ನಾನಿನ್ನೂ ತಿಳಿಸಿಲ್ಲ. ನಿನ್ನೆ ಆ ಮಾತು ಆಡಿದ ಬಾಯಿಂದಲೇ ಇದೂ ಬರಲಿ.