ಜಿಡ್ಡಿಲ್ಲದ ರೊಟ್ಟಿ ಡಬ್ಬಿಯಲ್ಲಿದೆ

ಹೀಗೆ ಹೋಗುವುದು ಸರಿಯೋ ತಪ್ಪೋ, ರೊಟ್ಟಿ ಬಡಿಯುವಾಗಲೂ ತಿಳಿಯಲಿಲ್ಲ, ಈಗಲೂ ತಿಳಿಯುತ್ತಿಲ್ಲ. ಆದರೂ ಹೊರಟಿದ್ದೇನೆ. ಕಿರಣನ ಅಪ್ಪಾಜಿಯವರೇ, ಪೂರ್ತಿ ಓದಿ.

ಡಬ್ಬಿಯಲ್ಲಿ ಒಣ ಜೋಳದ ರೊಟ್ಟಿ ಇವೆ. ಬೇಳೆ ಕುದಿಸಿಟ್ಟಿದ್ದೇನೆ, ಒಗ್ಗರಣೆ ಇಲ್ಲ. ಕುಸುಬಿ ಎಣ್ಣೆ, ತುಪ್ಪ, ಶೇಂಗಾ, ರೊಟ್ಟಿಗೆ ಹಚ್ಚುವ ಅಗಸಿ ಹಿಂಡಿ ಎಲ್ಲವೂ ನನ್ನ ಚೀಲದಲ್ಲಿವೆ, ಹುಡುಕಿ ದಣಿಯಬೇಡಿ. ಮಿರ್ಚಿ ಭಜಿ ತರಿಸುವ ಯೋಚನೆಯೂ ಬೇಡ. ಭಜಿ ಬಂಡಿಯ ಸಿದ್ದಮ್ಮನಿಗೆ ಕೊಡಬೇಡ ಅಂತ ಹೇಳಿದ್ದೇನೆ. "ಸಾವ್ಕಾರಗ ಜಿಡ್ಡು ಬಂದ್ ಏನ್ರಿ? ಪಾಪ!" ಅಂತ ನಕ್ಕಳು. ನಗಲಿ.

"ಜಿಡ್ಡು ತಿಂದೇ ಈ ಹುಡುಗನ ಚಿತ್ತ ಒಂದ್ಕಡಿ ನಿಲ್ಲವಲ್ದು, ಎಲ್ಲಾ ಬಂದ್ ಮಾಡು" ಅಂತ ಫೋನಿನ ವಿಡಿಯೋ ನೋಡಿ ಹುಕುಂ ಕೊಟ್ಟವರು ನೀವು. ನಿನ್ನೆ ಕಿರಣನನ್ನು ತೋರಿಸಲು ಹೋದಾಗ ಜಹೀರಾಬಾದಿನ ಡಾಕ್ಟರಮ್ಮ ನನ್ನನ್ನು ಬೈದರು: "ಓದಿದಾಕಿ ಇದ್ದೀರಿ, ತಿಳಿಯಂಗಿಲ್ಲೇನ್ರಿ? ಅಗಸಿ ತಿಂದ್ರ ಚಂಚಲ ಹೋಗ್ತದ ಅಂತ ನಾ ಹೇಳಂಗಿಲ್ಲ. ಆದ್ರ ಬೆಳೆಯೋ ಮಿದುಳಿಗಿ ಎಣ್ಣಿ-ತುಪ್ಪ ಬೇಕೇ ಬೇಕ್ರಿ." ನಿಮ್ಮ ಪಾಲಿನ ಬೈಗುಳ ನಾನು ತಿಂದೆ.

ನಾನೂ ಕಿರಣನೂ ಪೆದ್ದೆಮುಲ್‌ನ ನನ್ನ ತವರಿನಲ್ಲಿರುತ್ತೇವೆ. ಅವನು ತಿಂದಷ್ಟು ದಿನ ನೀವೂ ಒಣ ರೊಟ್ಟಿ ತಿನ್ನಿ. ತಿಂದು, ಕೂತ ಗಾದಿಯಿಂದ ಏಳದೆ ತೊಗರಿ ವ್ಯಾಪಾರ ಮಾಡಿ ತೋರಿಸಿ. ಆಮೇಲೆ ಕರೆಯಲು ಬನ್ನಿ.

ಪಕ್ಕದ ಮನೆಯಲ್ಲಿ ಒಗ್ಗರಣೆ ಚಟಗುಟ್ಟಿದಾಗೆಲ್ಲ ಅವನು ಪುಸ್ತಕ ಬಿಟ್ಟೆದ್ದು ಬಾಗಿಲಲ್ಲಿ ನಿಲ್ಲುತ್ತಿದ್ದ. ಅದನ್ನೂ ನೀವು ಚಂಚಲ ಅಂದಿರಿ. ಹಸಿವಾಗಿದೆ ಅಂತ ಅವನು ಒಮ್ಮೆಯೂ ಹೇಳಲಿಲ್ಲ.