ಐದು ಹೆಸರು, ಒಂದೇ ಕಪಾಟು

ಜಯನಗರ,
೧೨ ಜನವರಿ ೨೦೨೬

ಪ್ರೀತಿಯ ವಾರಿಜಾ,

ಮಂಡಿ ನೋವು ಹೇಗಿದೆ? ನಿನ್ನಕ್ಕ ಸುಧಾಮಣಿಯವರ ಮನೆಗೆ ಮೆಟ್ಟಿಲಿಲ್ಲ ಎಂಬುದೊಂದೇ ನನಗೆ ಸಮಾಧಾನ. ತಲಘಟ್ಟಪುರದಲ್ಲಿ ಚಳಿ ಜಾಸ್ತಿ, ಕಾಲಿಗೆ ಶಾಲು ಸುತ್ತಿಕೊಂಡೇ ಮಲಗು. ಇಲ್ಲಿ ನಿನ್ನ ಕರಿಬೇವಿನ ಗಿಡಕ್ಕೆ ದಿನಾ ನೀರು ಹಾಕುತ್ತಿದ್ದೇನೆ. ಸಾರಿಗೆ ಮಾತ್ರ ಎರಡೆರಡು ಸಲ ಉಪ್ಪು ಬೀಳುತ್ತಿದೆ. ಇದನ್ನು ಫೋನಿನಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ.

ನಿನ್ನೆ ಬನಶಂಕರಿಯಲ್ಲಿ ಷೇರಿನ ಬಗ್ಗೆ ಉಚಿತ ತರಗತಿ ಇತ್ತು, ಹೋಗಿದ್ದೆ. ಪಾಠ ಮಾಡಿದವಳು ರಮ್ಯ ಅಂತ, ಚಿಕ್ಕ ಹುಡುಗಿ. ಷೇರುಪೇಟೆಯ ಕಂಪನಿಗಳನ್ನೆಲ್ಲ ವಲಯಗಳಾಗಿ ವಿಂಗಡಿಸುತ್ತಾರಂತೆ. ಔಷಧಿಯವರದು ಒಂದು, ಸಿಮೆಂಟಿನವರದು ಇನ್ನೊಂದು. ಆಮೇಲೆ ಬೋರ್ಡಿನ ಮೇಲೆ ಹಣಕಾಸು ವಲಯ ಎಂದು ಬರೆದು, ಅದರ ಕೆಳಗೆ ಬ್ಯಾಂಕು, ಗೃಹಸಾಲ, ಚಿನ್ನದ ಸಾಲ, ವಿಮೆ, ಮ್ಯೂಚುವಲ್ ಫಂಡ್ ನಡೆಸುವವರು ಅಂತ ಒಂದೊಂದಾಗಿ ಸೇರಿಸಿದಳು. ನಾನು ಷೇರು ಕೊಂಡಿದ್ದ ಐದೂ ಕಂಪನಿಗಳು ಆ ಒಂದೇ ಪಟ್ಟಿಯಲ್ಲಿದ್ದವು.

ಮೂವತ್ತೊಂದು ವರ್ಷ ಲೈಬ್ರರಿಯಲ್ಲಿ ಪುಸ್ತಕ ವಿಂಗಡಿಸಿದವನು ನಾನು. ಹೆಸರು ನೋಡಿ ಕಪಾಟಿಗೆ ಹಾಕಬೇಡಿ, ಒಳಗೇನಿದೆ ನೋಡಿ ಎಂದು ಹೊಸಬರನ್ನು ಗದರಿಸುತ್ತಿದ್ದೆ. ನಿನ್ನ ಎರಡೂ ಮಂಡಿಯ ಆಪರೇಷನ್ನಿಗೆ ಇಟ್ಟಿದ್ದ ದುಡ್ಡನ್ನು ಮಾತ್ರ ಹೆಸರು ನೋಡಿಯೇ ಹಂಚಿದೆ. ಮನೆ, ಚಿನ್ನ, ವಿಮೆ ಎಲ್ಲ ಬೇರೆ ಬೇರೆ, ಒಂದು ಬಿದ್ದರೆ ಇನ್ನೊಂದು ಕೈ ಹಿಡಿಯುತ್ತದೆ ಎಂದು ಜಂಬ ಕೊಚ್ಚಿಕೊಂಡೆ. ಹೋದ ವರ್ಷ ಅವರೆಕಾಯಿ ಸುಲಿಯುತ್ತಾ ನೀನು, "ಐದೂ ದುಡ್ಡಿನ ವ್ಯಾಪಾರಾನೇ ಅಲ್ವೇನ್ರೀ?" ಎಂದೆ. "ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು" ಎಂದು ನಾನು ರೇಗಿದೆ. ಯಾವುದೋ ದೊಡ್ಡ ಸಾಲದ ಕಂಪನಿ ಮುಳುಗಿದ ಸುದ್ದಿ ಬಂದ ವಾರ ಐದೂ ಜೊತೆಯಾಗಿಯೇ ಕುಸಿದವು. ನೀನು ನಮ್ಮ ಮೂರನೇ ಮಹಡಿಯಿಂದ ಮೆಟ್ಟಿಲ ಮೇಲೆ ಕೂತು ಕೂತು ಇಳಿದು ಅಕ್ಕನ ಮನೆಗೆ ಹೋದೆ. ಅದು ಕಣ್ಣಿಂದ ಮರೆಯಾಗುತ್ತಿಲ್ಲ. ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ವಾರಿಜಾ.

ಅಕ್ಕನಿಗೆ ನನ್ನ ನಮಸ್ಕಾರ ಹೇಳು. ರಾತ್ರಿಯಾದರೂ ನಿನಗೆ ನೋವಿಲ್ಲದ ನಿದ್ದೆ ಬರಲಿ.

ನಿನ್ನ,
ಚಿದಾನಂದ್

ಮ.ವಿ.: ಇವತ್ತು ಐದನ್ನೂ ಮಾರಿಬಿಟ್ಟೆ. ಡಾಕ್ಟರು ಇಪ್ಪತ್ತೆರಡನೇ ತಾರೀಕು ಕೊಟ್ಟಿದ್ದಾರೆ. ಬಂದ ದುಡ್ಡು ಒಂದು ಮಂಡಿಗೆ ಮಾತ್ರ ಸಾಕಾಗುತ್ತದೆ. ಯಾವ ಕಾಲು ಎಂದು ನೀನೇ ಹೇಳಬೇಕು, ನನ್ನ ಕೈಲಾಗುವುದಿಲ್ಲ.