ಚಿಕ್ಕೋಡಿಯಲ್ಲಿ ಬಾಳಾಸಾಬ ಎಲ್ಲಿ ಉಣ್ಣಬೇಕು

ಚಿಕ್ಕೋಡಿ
೨೧-೨-೧೯೯೩, ರವಿವಾರ

ಜೀವದ ಗೆಳತಿ ಮಲಕವ್ವಳಿಗೆ,

ನಿನ್ನ ಗಿರಿಜಾ ಮಾಡುವ ನಮಸ್ಕಾರಗಳು. ನಾನಿಲ್ಲಿ ಆರಾಮ ಇದ್ದೇನೆ. ಅಥಣಿಯಲ್ಲಿ ನೀನು, ನಿನ್ನ ಮನೆಯವರು, ದ್ರಾಕ್ಷಿ ತೋಟ, ನಿನ್ನ ಆ ಮೊಂಡು ಮೊಣಕಾಲು ಎಲ್ಲ ನೆಟ್ಟಗಿರಲಿ. ಸಂಕ್ರಮಣಕ್ಕೆ ಬಂದ ನಿನ್ನ ಪತ್ರಕ್ಕೆ ಈಗ ಉತ್ತರ ಬರೆಯಲು ಕುಳಿತಿದ್ದೇನೆ, ಸಿಟ್ಟಾಗಬೇಡ. ಕೊಕಟನೂರ ಶಾಲೆಯಲ್ಲಿ ಒಂದೇ ಪಾಟಿಯ ಮೇಲೆ ಇಬ್ಬರೂ ಬರೆದು ಏಳನೇ ಇಯತ್ತೆ ಮುಗಿಸಿದವರು ನಾವು. ನಿನಗೆ ಸುಳ್ಳು ಬರೆಯಲು ಕೈ ಬರಲಿಲ್ಲ, ನಿಜ ಬರೆಯೋಣವೆಂದರೆ ನಿಜ ಏನೆಂದು ನನಗೇ ಗೊತ್ತಿರಲಿಲ್ಲ. ಅದಕ್ಕೇ ಇಷ್ಟು ತಡ.

ನೀನು ಕೇಳಿದ್ದು ಸಣ್ಣ ಮಾತು. ಮಗ ಬಾಳಾಸಾಬ ಜೂನ್ ತಿಂಗಳಲ್ಲಿ ಇಲ್ಲಿಯ ಕಾಲೇಜಿಗೆ ಬರುತ್ತಾನೆ, ಖೋಲಿ ಎಲ್ಲಾದರೂ ಹಿಡಿಯಲಿ, ಊಟ ಮಾತ್ರ ನಿನ್ನ ಖಾನಾವಳಿಯಲ್ಲೇ ಎಂದು ಬರೆದಿದ್ದೆ. ಅದನ್ನು ಓದಿ ನನಗೆ ಅಳು ಬಂತು. ಯಾಕೆಂದರೆ ಅದೇ ವಾರ ರಾಯಬಾಗದಿಂದ ಮಗಳು ಕಸ್ತೂರೆವ್ವ ಬಂದಿದ್ದಳು. "ಅವ್ವಾ, ಹುಡುಗ್ರು ಒಬ್ಬೊಬ್ಬರ ಬಿಟ್ಟ ಹೊಂಟಾರ. ಇನ್ನ ಯಾರ ಸಲುವಾಗಿ ಒಲಿ ಹಚ್ಚತಿ? ಮುಚ್ಚಿ ನಮ್ಮಲ್ಲಿ ಬಂದ ಬಿಡು" ಎಂದು ಹೇಳಿ ಹೋಗಿದ್ದಳು. ಅವಳು ಹೇಳಿದ್ದು ಸುಳ್ಳಲ್ಲ. ನಮ್ಮವರು ಇದ್ದಾಗ ಎರಡು ಪಂಕ್ತಿ ಕೂಡುತ್ತಿದ್ದವು. ಅವರು ಹೋದ ಮೇಲಿನ ಈ ಒಂದು ವರ್ಷದಲ್ಲಿ ಅರ್ಧ ಪಂಕ್ತಿಗೆ ಬಂದು ನಿಂತಿತು. ಹೋದ ಹುಡುಗರು ಜಗಳ ಮಾಡಿ ಹೋಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಎಲ್ಲರೂ ಕಾಲು ಮುಟ್ಟಿ, "ಮಾವಶಿ, ಖೋಲಿ ದೂರ ಆತ್ರಿ" ಎಂದು ಹೇಳಿಯೇ ಹೋದರು. ಇಡೀ ಚಿಕ್ಕೋಡಿಯ ಖೋಲಿಗಳೆಲ್ಲ ಒಮ್ಮೆಲೇ ಹೇಗೆ ದೂರವಾದವು?

ಮುಚ್ಚುವುದಾದರೆ ಮುಚ್ಚುತ್ತೇನೆ. ಆದರೆ ಎಲ್ಲಿ ತಪ್ಪಿತು ಎಂದು ತಿಳಿಯದೆ ಬಾಗಿಲಿಗೆ ಕೀಲಿ ಹಾಕುವವಳಲ್ಲ ನಾನು, ನಿನಗೆ ಗೊತ್ತಿದೆ. ಅಷ್ಟರಲ್ಲಿ ನಮ್ಮವರ ವರ್ಷದ ಕಾರ್ಯ ಮುಗಿಯಿತು. ಹೋದವರ ಹೆಸರಿನಲ್ಲಿ ಒಂದು ವರ್ಷ ಏನಾದರೊಂದು ಬಿಡುವುದು ನಮ್ಮ ಮನೆತನದ ನಡೆ. ನಮ್ಮತ್ತೆ ಬದನೆಕಾಯಿ ಬಿಟ್ಟಿದ್ದಳು. ನಾನು ಉಪ್ಪು ಬಿಟ್ಟಿದ್ದೆ. ಹಾಲು, ರೊಟ್ಟಿ, ಬೆಲ್ಲ, ಬಾಳೆಹಣ್ಣು, ಇಷ್ಟರಲ್ಲೇ ವರ್ಷ ಕಳೆದೆ. ಹುಡುಗರಿಗೆ ಸಾರು, ಪಲ್ಯ ಮಾಡಿ ಬಡಿಸುತ್ತಿದ್ದೆ, ನನ್ನ ನಾಲಿಗೆಗೆ ಮಾತ್ರ ಮುಟ್ಟಿಸುತ್ತಿರಲಿಲ್ಲ. ಈ ವ್ರತ ಬಿಡುವಾಗ ಮೊದಲ ಉಪ್ಪು ಇನ್ನೊಬ್ಬರ ಕೈಯದು ಉಣ್ಣಬೇಕು, ಸ್ವಂತ ಒಲೆಯದು ಕೊನೆಗೆ. ಹಾಗಾದರೆ ನನ್ನ ಹುಡುಗರನ್ನು ಎಳೆದುಕೊಂಡವರ ಕೈಯದನ್ನೇ ಉಣ್ಣೋಣ ಎಂದು ಸೆರಗು ಹೊದ್ದು ಹೊರಟೆ. ಜೊತೆಗೆ ಲಗಮವ್ವ. ನನ್ನಲ್ಲಿ ರೊಟ್ಟಿ ಬಡಿಯುವ ಹೆಂಗಸು ಅವಳು. ತಿನ್ನುವ ಕೆಲಸವಿದ್ದರೆ ಅವಳ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ.

ಮೊದಲು ಬಸ್ ಸ್ಟ್ಯಾಂಡ್ ಎದುರಿನ ಉಡುಪಿಯವರ ಹೋಟೆಲಿಗೆ ಹೋದೆವು. ಹೆಂಗಸರು ಎಂದು ಪರದೆಯ ಹಿಂದೆ ಫ್ಯಾಮಿಲಿ ರೂಮಿನಲ್ಲಿ ಕೂಡಿಸಿದರು. ಇಡ್ಲಿಗೆ ಹೆಸರಿಡುವ ಹಾಗಿಲ್ಲ, ಬಾಯಿಗಿಟ್ಟರೆ ಕರಗುತ್ತದೆ. ಸಾಂಬಾರ ಮಾತ್ರ ಸಿಹಿ. ಇದೇನು ಸಾರೋ ಪಾಯಸವೋ ಎಂದು ಬಡಿಸುವವನನ್ನು ಕೇಳಿದರೆ, "ನಮ್ಮ ಊರಲ್ಲಿ ಹೀಗೇ ಮಾಡುವುದಮ್ಮಾ" ಅಂದ. ನಿಮ್ಮೂರಿನಲ್ಲಿ ಮಾಡಿಕೊಳ್ಳಿ, ಇಲ್ಲಿ ಯಾಕೆ ಅಂದೆ. ನಕ್ಕು ಇನ್ನೊಂದು ವಾಟಿ ಸಾಂಬಾರ ತಂದಿಟ್ಟ, ಲಗಮವ್ವ ಅದನ್ನೂ ಕುಡಿದಳು. ಬಾಳಾಸಾಬ ಪರೀಕ್ಷೆಯ ದಿನ ಬೆಳಿಗ್ಗೆ ಅಲ್ಲಿ ತಿಂಡಿ ತಿನ್ನಲಿ, ತಡಮಾಡದೆ ಕೊಡುತ್ತಾರೆ. ಆದರೆ ತೋಟದಲ್ಲಿ ದುಡಿದು ಉಣ್ಣುವ ಮನೆಯ ಹುಡುಗನ ಹೊಟ್ಟೆ ಅದರಿಂದ ತುಂಬುವುದಿಲ್ಲ.

ನಿಪ್ಪಾಣಿ ರಸ್ತೆಯಲ್ಲಿ ಅಣ್ಣಾಸಾಬನ ಮಿಸಳದ ಅಂಗಡಿ ಇದೆ. ಅವನ ಮಾತು ಅರ್ಧ ಕನ್ನಡ, ಅರ್ಧ ಮರಾಠಿ. ನಮ್ಮನ್ನು ಕಂಡವನೇ "ಯಾ ಮಾವಶಿ, ಯಾ, ಬಸಾ" ಎಂದು ಹೆಗಲ ಮೇಲಿನ ಟಾವೆಲ್ಲಿನಿಂದ ಕೂಡುವ ಬಾಕು ಒರೆಸಿದ. ಮಿಸಳದ ಕಾಳುಗಳ ಮೇಲೆ ತೇಲುವ ಖಾರದ ಕೆಂಪೆಣ್ಣೆ ನೋಡಿಯೇ ನನ್ನ ಕಣ್ಣಲ್ಲಿ ನೀರು. ತಿಂದೆ, ಬೆವರಿದೆ, ಮತ್ತೆ ತಿಂದೆ. ಒಳ್ಳೆಯ ಕೈ ಅವನದು, ಸುಳ್ಳು ಹೇಳಲಾರೆ. ಆದರೆ ಅದು ಊಟವಲ್ಲ, ಹಟ. ಹುಡುಗರು ಒಬ್ಬರ ಮುಂದೊಬ್ಬರು ಗಂಡಸುತನ ತೋರಿಸಲು ತಿನ್ನುತ್ತಾರೆ. ದಿನಾ ತಿಂದರೆ ನಿನ್ನ ಮಗನ ಹೊಟ್ಟೆಗೆ ನಾನು ಜವಾಬ್ದಾರಳಲ್ಲ.

ಇನ್ನು ಕಾಲೇಜಿನ ಕ್ಯಾಂಟೀನು. ಅಲ್ಲಿ ಚಹಾ ಮುಂಜಾನೆ ಕುದಿಯಲು ಇಟ್ಟಿದ್ದು ಸಂಜೆಯವರೆಗೂ ಕುದಿಯುತ್ತಿರುತ್ತದೆ. ಆದರೂ ಕೂಡಲು ಜಾಗ ಇರುವುದಿಲ್ಲ. ಹೆಣ್ಣುಮಕ್ಕಳು ಕ್ಲಾಸಿಗೆ ಹೋಗುವ ಮೆಟ್ಟಿಲು ಅಲ್ಲಿಂದ ಚೆನ್ನಾಗಿ ಕಾಣುತ್ತದೆ, ಗುಟ್ಟು ಅಷ್ಟೇ. ಬಾಳಾಸಾಬ ಅಲ್ಲಿ ಬಹಳ ಹೊತ್ತು ಕುಳಿತ ಸುದ್ದಿ ಬಂದರೆ ನಿನಗೆ ಕಾರ್ಡು ಹಾಕುತ್ತೇನೆ.

ಭೀಮಾಬಾಯಿಯ ಖಾನಾವಳಿಗೆ ಹೋಗಲು ನನ್ನ ಕಾಲು ಏಳಲೇ ಇಲ್ಲ. ಕಚೇರಿ ಓಣಿಯಲ್ಲಿದೆ ಅವಳದು. ಯಾವ ಕಾಲದಲ್ಲೋ ಒಂದು ಒನಕೆಯ ಸಲುವಾಗಿ ನಮ್ಮಿಬ್ಬರ ಮಾತು ನಿಂತಿತ್ತು. ಒನಕೆ ಯಾರದಿತ್ತು ಎನ್ನುವುದೂ ಈಗ ಇಬ್ಬರಿಗೂ ನೆನಪಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡು ಸೌಟು ಹಿಡಿದವಳು ಹಾಗೇ ನಿಂತಳು. "ಗಿರಿಜವ್ವಾ, ನೀ ನನ್ನ ಹೊಸ್ತಿಲಾ ದಾಟ್ತಿ ಅಂತ ಕನಸಿನ್ಯಾಗೂ ಅನ್ಕೊಂಡಿದ್ದಿಲ್ಲ ಬಿಡವಾ" ಎಂದು ಕೈ ಹಿಡಿದು ಕೂಡಿಸಿ, ತಾನೇ ಬಡಿಸಿದಳು. ನನ್ನ ಉಪ್ಪಿನ ವ್ರತ ಬಿಟ್ಟಿತೇ ಎಂದು ಕೇಳಿದಳು, ನಮ್ಮವರ ನೆನಪು ತೆಗೆದು ಕಣ್ಣೊರೆಸಿಕೊಂಡಳು. ಅವಳ ಕಡಲೆಹಿಟ್ಟಿನ ಝುಣಕ ನನ್ನ ಝುಣಕಕ್ಕಿಂತ ಚಲೋ ಇದೆ. ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ನಿನಗೆ ಗೊತ್ತಾಗಲಿ. ಆದರೆ ಹುಡುಗರು ಇನ್ನೊಂದು ರೊಟ್ಟಿ ಕೇಳಿದರೆ ಅವಳು ನೋಡುವ ನೋಟಕ್ಕೆ ಹಸಿವೆಯೇ ಹಾರಿಹೋಗುತ್ತದೆ.

ಕೊನೆಗೆ ಕಾಲೇಜು ರಸ್ತೆಯ ಅಪ್ಪಾಸಾಬನ ಹೊಸ ಖಾನಾವಳಿ. ನನ್ನ ಹುಡುಗರಲ್ಲಿ ಬಹಳ ಮಂದಿ ಹೋಗಿ ಸೇರಿದ್ದು ಅಲ್ಲಿಗೇ. ಟೇಬಲ್ಲು, ಖುರ್ಚಿ, ಫ್ಯಾನು, ಮೂಲೆಯಲ್ಲಿ ಟೀವಿ, ಟೀವಿಯಲ್ಲಿ ಕ್ರಿಕೆಟ್ಟು. ನಾನು ಒಳಗೆ ಕಾಲಿಟ್ಟದ್ದೇ ತಡ, ಉಣ್ಣುತ್ತಿದ್ದ ಹುಡುಗರು ದಡಕ್ಕನೆ ಎದ್ದು ನಿಂತರು, ಎಂಜಲು ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡು. ಕುಂಡ್ರಿ, ಉಣ್ರೀ ಎಂದೆ. ಯಾರೂ ಕೂಡಲಿಲ್ಲ. ನಾನು ಉಣ್ಣಲು ಕುಳಿತ ಮೇಲೆಯೇ ಕುಳಿತರು. ಬಡಿಸಿದ್ದನ್ನು ಉಂಡೆ, ಮಲಕವ್ವಾ. ರೊಟ್ಟಿ ಆರಿ ತೊಗಲಾಗಿತ್ತು. ಬೇಳೆ ಹುಡುಕಿದರೂ ಸಿಗಲಿಲ್ಲ. ಎಣ್ಣೆಗಾಯಿಯ ಬದನೆಕಾಯಿ ಒಳಗೆ ಇನ್ನೂ ಹಸಿ. ಅವನ ಊಟ ನನಗಿಂತ ಚಲೋ ಇದ್ದಿದ್ದರೆ ತಲೆಬಾಗಿ ಬರುತ್ತಿದ್ದೆ, ಮನಸ್ಸಿಗೆ ಇಷ್ಟು ನೋವಾಗುತ್ತಿರಲಿಲ್ಲ. ಇಂಥ ಊಟಕ್ಕೆ ನನ್ನನ್ನು ಬಿಟ್ಟು ಬಂದರಲ್ಲ! ಒಬ್ಬನನ್ನು ಕೇಳಿಯೂ ಬಿಟ್ಟೆ. ಅವನು ನೆಲ ನೋಡುತ್ತ "ಇಲ್ಲಿ ಟೀವಿ ಐತ್ರಿ ಮಾವಶಿ" ಅಂದ.

ಮನೆಗೆ ಬರುವಾಗ ದಾರಿಯಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡೆ. ಟೀವಿ ತರುವುದು ನನ್ನಿಂದಾಗದು, ಕಸ್ತೂರೆವ್ವನ ಕಡೆ ಹೋಗುವುದೇ ಸರಿ ಎಂದು. ಮರುದಿನ ಮಧ್ಯಾಹ್ನ ಹುಡುಗರ ಪಂಕ್ತಿಯಲ್ಲೇ ನಾನೂ ಕುಳಿತೆ. ಮುಚ್ಚುವ ಮೊದಲು ಒಂದು ಸಲ ಅವರ ಜೊತೆ ಉಣ್ಣಬೇಕು ಎನಿಸಿತು. ಬದಿಯಲ್ಲಿ ಮಾಳಸಿದ್ದ ಇದ್ದ. ಅಕ್ಕೋಳದ ಕಡೆಯ ಕುರುಬರ ಹುಡುಗ, ಬಿ.ಎ. ಎರಡನೇ ವರ್ಷ. ಬಿಟ್ಟು ಹೋಗದೆ ಉಳಿದ ಕೆಲವರಲ್ಲಿ ಅವನೊಬ್ಬ. ಲಗಮವ್ವ ನನಗೂ ಬಡಿಸಿದಳು. ಒಂದು ವರ್ಷದ ಮೇಲೆ ನನ್ನ ಕೈಯ ಸಾರನ್ನು ರೊಟ್ಟಿಗೆ ಹಚ್ಚಿ ಬಾಯಿಗಿಟ್ಟೆ.

ನಾನು ಸಮುದ್ರ ನೋಡಿದವಳಲ್ಲ. ಅದರ ನೀರು ಹೀಗೇ ಇರುತ್ತದೆಂದು ಕಾಣುತ್ತದೆ.

ನುಂಗಲು ಆಗಲಿಲ್ಲ, ಉಗುಳಲೂ ಆಗಲಿಲ್ಲ. ಪಲ್ಯ ಮುಟ್ಟಿದೆ, ಅದೂ ಹಾಗೇ. ತಲೆಯೆತ್ತಿ ನೋಡಿದರೆ ಹುಡುಗರೆಲ್ಲ ಸುಮ್ಮನೆ ಉಣ್ಣುತ್ತಿದ್ದಾರೆ. ಒಬ್ಬೊಬ್ಬರ ಬದಿಗೂ ನೀರು ತುಂಬಿದ ಚರಿಗೆ. ಈ ಹುಡುಗರು ನೀರು ಬಹಳ ಕುಡಿಯುತ್ತಾರೆ ಎಂದು ನಾನು ವರ್ಷವಿಡೀ ನೋಡಿದ್ದೆ, ಚಿಕ್ಕೋಡಿಯ ಬಿಸಿಲು ಎಂದುಕೊಂಡಿದ್ದೆ.

"ಲಗಮವ್ವಾ, ಇದು ಎಂದಿನಿಂದ ಹಿಂಗೈತಿ?" ಎಂದೆ.

ಅವಳು ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. "ಭಾಳ ದಿನಾ ಆತ್ರಿ ಅಕ್ಕಾರ."

"ಬಾಯಾಗ ಏನ ಇಟ್ಕೊಂಡಿದ್ದಿ? ಹೇಳಾಕ ಏನಾಗಿತ್ತು?"

"ನೀವು ಅವರ ಹೆಸರಮ್ಯಾಲ ಉಪ್ಪ ಬಿಟ್ಟ ಕುಂತೀರಿ. ನಿಮ್ಮ ಮುಂದ ಉಪ್ಪಿನ ಮಾತ ಹೆಂಗ ತಗೀಲ್ರಿ?" ಅಂದವಳೇ ಸೆರಗು ಬಾಯಿಗಿಟ್ಟು ಅತ್ತಳು.

ಮಾಳಸಿದ್ದ ತಾಟು ನೋಡುತ್ತಲೇ ಹೇಳಿದ. "ಕಾಕಾ ಹೋದಾಗಿಂದ ನೀವು ನಕ್ಕದ್ದ ನಾವು ನೋಡಿದ್ದಿಲ್ರಿ ಮಾವಶಿ. ಅದರಾಗ ಉಪ್ಪ ಹೆಚ್ಚಾಗೈತಿ ಅಂತ ಹೇಳಾಕ ಬಾಯಿ ಬರಲಿಲ್ರಿ. ನಾವು ಕುರಿ ಮಂದಿ. ಕುರಿಗೂ ಉಪ್ಪ ನೆಕ್ಕಸ್ತೀವಿ, ಅವೇನ ಸತ್ತಾವೇನು ಅಂತ ಉಂಡ್ವ್ರಿ."

ನಾನು ನಕ್ಕೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಗುತ್ತ ನಗುತ್ತ ನನಗೆ ಅಳು ತಡೆಯದಾಯಿತು. ಬಿಟ್ಟು ಹೋದ ಹುಡುಗರೂ ನನಗೆ ನೋವಾಗಬಾರದೆಂದು ಖೋಲಿಯ ಮೇಲೆ ಹಾಕಿ ಹೋಗಿದ್ದರು. ಉಳಿದವರು ನನಗೆ ನೋವಾಗಬಾರದೆಂದು ಉಳಿದಿದ್ದರು. ಹೊಟ್ಟೆಯಲ್ಲಿ ಹುಟ್ಟಿದವರೂ ಇಷ್ಟು ಮಾಡುವುದಿಲ್ಲ.

ಆದದ್ದು ಇಷ್ಟೇ. ನಮ್ಮವರು ಇದ್ದಾಗ ಸಂತೆಯಿಂದ ಹರಳು ಉಪ್ಪು ತರುತ್ತಿದ್ದರು. ಅವರು ಹೋದ ಮೇಲೆ ಕಿರಾಣಿ ಅಂಗಡಿಯವನು ಪಾಕೀಟಿನ ಪುಡಿ ಉಪ್ಪು ಕಳಿಸತೊಡಗಿದ. ಹರಳು ಮುಷ್ಟಿಯಲ್ಲಿ ಹಿಡಿದರೆ ಸಂದಿನಲ್ಲಿ ಗಾಳಿಯೇ ಅರ್ಧ ಇರುತ್ತದೆ. ಪುಡಿ ಹಿಡಿದರೆ ಮುಷ್ಟಿ ತುಂಬ ಉಪ್ಪೇ. ನನ್ನ ಕೈ ಹಳೆಯ ಮುಷ್ಟಿಯನ್ನೇ ಹಾಕುತ್ತಿತ್ತು. ರುಚಿ ನೋಡಬೇಕಾದ ನಾಲಿಗೆ ವ್ರತ ಹಿಡಿದು ಕುಳಿತಿತ್ತು.

ಪುಡಿ ಉಪ್ಪಿನ ಪಾಕೀಟುಗಳನ್ನು ಲಗಮವ್ವ ಮನೆಗೆ ಒಯ್ದಳು. ಹರಳು ಉಪ್ಪು ತರಿಸಿದ್ದೇನೆ. ಇನ್ನು ಮುಂದೆ ಏನಿದ್ದರೂ ನನ್ನ ಮುಖಕ್ಕೇ ಹೇಳಿ, ಮುಚ್ಚಿಟ್ಟರೆ ಸೌಟಿನಿಂದ ಹೊಡೆಯುತ್ತೇನೆ ಎಂದು ಹುಡುಗರಿಗೆ ತಾಕೀತು ಮಾಡಿದ್ದೇನೆ. ಸುದ್ದಿ ಹೇಗೆ ಹೋಯಿತೋ, ಅಪ್ಪಾಸಾಬನ ಕಡೆಯಿಂದ ಕೆಲವರು ತಿರುಗಿ ಬಂದಿದ್ದಾರೆ. ಖೋಲಿ ಮತ್ತೆ ಹತ್ತಿರವಾಯಿತಂತೆ! ಕಸ್ತೂರೆವ್ವನಿಗೂ ಬರೆದಿದ್ದೇನೆ: ನಿನ್ನ ಮನೆಗೆ ಹಬ್ಬಕ್ಕೆ ಬರುತ್ತೇನೆ, ಇರಲು ಬರುವುದಿಲ್ಲ, ಒಲೆ ಉರಿಯುತ್ತಿದೆ ಎಂದು.

ಆದ್ದರಿಂದ ಬಾಳಾಸಾಬನನ್ನು ಕಳಿಸು. ಬೇರೆಯವರ ಬಗ್ಗೆ ಬರೆದ ಹಾಗೆ ನನ್ನ ಖಾನಾವಳಿಯ ಬಗ್ಗೆಯೂ ಬಿಚ್ಚಿ ಬರೆಯುತ್ತೇನೆ. ರೊಟ್ಟಿ ಬಿಸಿ ಬಿಸಿ, ಲಗಮವ್ವನ ಕೈಗೆ ಸರಿಸಾಟಿಯಿಲ್ಲ. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಗಟ್ಟಿ ಮೊಸರು ಕೇಳಿದಷ್ಟು. ಝುಣಕ ಭೀಮಾಬಾಯಿಯದರ ಮುಂದೆ ಸುಮಾರು, ಅವಳಿಂದ ಕಲಿಯಲು ಹೋಗುತ್ತಿದ್ದೇನೆ. ಫ್ಯಾನು ತಿರುಗುವುದಕ್ಕಿಂತ ಹೆಚ್ಚು ನರಳುತ್ತದೆ. ಟೀವಿ ಇಲ್ಲ. ಮಾವಶಿಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಇಷ್ಟು ಒಪ್ಪಿಗೆಯಾದರೆ ಅವನು ನಿನ್ನ ಮಗನಲ್ಲ, ನನ್ನ ಮಗ.

ನಿನ್ನ ಮನೆಯವರಿಗೆ ನಮಸ್ಕಾರ ತಿಳಿಸು. ಬಾಳಾಸಾಬ ಪರೀಕ್ಷೆಯನ್ನು ಹೆದರದೆ ಬರೆಯಲಿ, ಕೊಕಟನೂರ ಎಲ್ಲಮ್ಮ ಅವನ ಕೈಹಿಡಿಯಲಿ. ನಿನ್ನ ತೋಟದ ಗೊನೆಗಳು ಸಿಹಿಯಾಗಿ ತುಂಬಲಿ, ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡ.

ಎಂದೆಂದಿಗೂ ನಿನ್ನವಳಾದ
ಗಿರಿಜಾ

ತಾ.ಕ.: ಪತ್ರದ ಪಾಕೀಟಿಗೆ ಅಂಟು ಹಚ್ಚುವ ಮೊದಲು ಇನ್ನೊಂದು ಮಾತು. ಇದನ್ನು ಕಸ್ತೂರೆವ್ವನಿಗೆ ಬರೆದಿಲ್ಲ, ನೀನೂ ಹೇಳಬೇಡ. ನಮ್ಮವರು ಮದುವೆಯಾದಂದಿನಿಂದ ಮೊದಲ ತುತ್ತಿಗೇ "ಗಿರಿಜಾ, ಉಪ್ಪ ನೋಡ" ಅನ್ನುತ್ತಿದ್ದರು. ಹೆಚ್ಚಾದರೂ ಅದೇ ಮಾತು, ಕಡಿಮೆಯಾದರೂ ಅದೇ, ಸರಿಯಿದ್ದ ದಿನವೂ ಅದೇ. "ಹಂಗಾದ್ರ ನೀವ ಬಂದ ಮಾಡ್ರಿ" ಎಂದು ನಾನು ಒಳಗಿನಿಂದ ಒದರುತ್ತಿದ್ದೆ. ಅವರು ನಗುತ್ತಿದ್ದರು. ಆ ಜಗಳವಾದ ಮೇಲೆಯೇ ನಮಗೆ ದಿನ ಸುರುವಾಗುತ್ತಿತ್ತು. ನಿನ್ನೆ ನಾನು ಸಾರಿಗೆ ಉಪ್ಪೇ ಹಾಕಲಿಲ್ಲ, ಮಲಕವ್ವಾ. ಮರೆತಲ್ಲ, ಬೇಕೆಂದೇ. ಯಾರಾದರೊಬ್ಬರು ತಲೆಯೆತ್ತಿ ಆ ಮಾತು ಅಂದಾರು ಎಂದು ಒಳಬಾಗಿಲಲ್ಲಿ ಕಾಯುತ್ತ ನಿಂತಿದ್ದೆ. ಮಾಳಸಿದ್ದ ಸದ್ದಿಲ್ಲದೆ ಉಪ್ಪಿನ ವಾಟಿ ಎಳೆದುಕೊಂಡ, ಕಲಸಿಕೊಂಡ, ಬದಿಯವನಿಗೆ ದಾಟಿಸಿದ. ಕೈ ತೊಳೆದು ಹೋಗುವಾಗ ಎಲ್ಲರೂ "ಭಾಳ ರುಚಿ ಆಗಿತ್ರಿ ಮಾವಶಿ" ಎಂದರು. ಅವರೆಲ್ಲ ಹೋದ ಮೇಲೆ ಒಲೆಯ ಮುಂದೆ ಒಬ್ಬಳೇ ಕುಳಿತು, ಬಾಯಿಬಿಟ್ಟು ನಾನೇ ಅಂದುಕೊಂಡೆ: ಗಿರಿಜಾ, ಉಪ್ಪ ನೋಡ.